‘ನೋಡಿ’ ಎಂದು ಬರೆದ ಮೇಲೆ

“ಇದನ್ನ ಒಸಿ ಹಿಡ್ಕೊಳ್ಳವ್ವ, ಬಿಡಬ್ಯಾಡ,” ಎಂದು ಶಾಮಿಯಾನದ ಹಗ್ಗದ ತುದಿಯನ್ನು ಸಿಂಚನಳ ಕೈಗೆ ಕೊಟ್ಟ ಹಿರಿಯರು ಗೂಟ ಹುಡುಕಿಕೊಂಡು ಕೊಟ್ಟಿಗೆಯ ಕಡೆ ಹೋದರು. ಕಾರಿನಿಂದ ಇಳಿದು ಅಂಗಳಕ್ಕೆ ಕಾಲಿಟ್ಟಿದ್ದಳಷ್ಟೆ. ಯಾರ ಮಗಳು, ಯಾವ ಊರು ಎಂದು ಯಾರೂ ಕೇಳಲಿಲ್ಲ. ಹೆಗಲಲ್ಲಿ ಬ್ಯಾಗು, ಎರಡೂ ಕೈಯಲ್ಲಿ ಹಗ್ಗ. ಗಾಳಿಗೆ ಉಬ್ಬುತ್ತಿದ್ದ ಬಟ್ಟೆ ಅವಳನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಎಳೆಯುತ್ತಿತ್ತು. ಆ ಬಟ್ಟೆಯ ನೆರಳು ಅಲ್ಲಾಡುತ್ತಿದ್ದ ಜಾಗದಲ್ಲಿ, ಬೆಂಚಿನ ಮೇಲೆ, ಕೆಂಪರಾಜ್ ಮಲಗಿದ್ದರು.

ಆಫೀಸಿನಲ್ಲಿ ಅವರ ಪಕ್ಕದ ಕುರ್ಚಿಯೇ ಅವಳದು. ಆದರೂ ಕನ್ನಡಕವಿಲ್ಲದ ಅವರ ಮುಖವನ್ನು ನೋಡುತ್ತಿರುವುದು ಇದೇ ಮೊದಲು. ಮೂಗಿನ ಎರಡೂ ಬದಿಯಲ್ಲಿ ಕನ್ನಡಕ ಕೂತು ಕೂತು ಆದ ಗುಳಿಗಳಿದ್ದವು. ಕೊರಳಲ್ಲಿ ಸೇವಂತಿಗೆ ಹಾರ. ಕಾಲ ಬಳಿ ಬೆರಣಿಯ ಹೊಗೆ. ಅಂಗಳದ ಮೂಲೆಯಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಬೂದಿಗೆರೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಈ ಸಣ್ಣ ಹಳ್ಳಿಯಿಂದ ಅವರು ದಿನವೂ ತಮ್ಮ ಹಳೇ ಗಾಡಿಯಲ್ಲಿ ವೈಟ್‌ಫೀಲ್ಡಿಗೆ ಬಂದು ಹೋಗುತ್ತಿದ್ದರು. ನಿನ್ನೆ ಸಂಜೆ ಹಸು ಕಟ್ಟಿಹಾಕಿ ಬಂದು ಜಗುಲಿಯ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ.

ಅವಳ ಹಿಂದೆ ಕೂತಿದ್ದ ಇಬ್ಬರು ಗಂಡಸರು ಮಾತಾಡಿಕೊಳ್ಳುತ್ತಿದ್ದರು.

“ನಿನ್ನೆ ಬೆಳಿಗ್ಗೆ ಡೇರಿ ತಾವ ಸಿಕ್ಕಿದ್ದ ಕಣ್ಲಾ. ಚೆನ್ನಾಗೇ ಮಾತಾಡ್ದ.”

“ಏನ್ ಕೆಲಸ ಅವ್ನದು?”

“ಕಂಪ್ಯೂಟರ್ ಕಂಪನಿ.”

“ಇಂಜಿನಿಯರಾ?”

“ಅಲ್ಲ ಕಣೋ. ಬುಕ್ಕು ತಿದ್ದೋದಂತೆ.”

“ಬುಕ್ಕು ತಿದ್ದಕ್ಕೆ ಅಷ್ಟು ದೂರ ಹೋಗ್ಬೇಕಾ?”

ಸಿಂಚನ ತಿರುಗಿ ಏನೋ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಹಿರಿಯರು ಗೂಟ ತಂದು ಹೊಡೆದು, ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಬಿಗಿದರು.

“ಯಾರ ಪೈಕಿ ತಾಯಿ ನೀನು?”

“ಆಫೀಸಿಂದ ಬಂದ್ವಿ. ಸರ್ ಪಕ್ಕದಲ್ಲೇ ಕೂರ್ತಿದ್ದೆ.”

“ಹಂಗಾ,” ಎಂದರು. “ನಾನು ಅವನ ಅಣ್ಣ, ಅಪ್ಪಯ್ಯಣ್ಣ ಅಂತ. ನನ್ನ ಹೂತಾಕಿ ಆಮ್ಯಾಕೆ ಹೋಗ್ಬೇಕಾಗಿತ್ತು ಅವ್ನು. ಇವಾಗ ನಾನು ನಿಂತ್ಕೊಂಡು ಶಾಮಿಯಾನ ಕಟ್ಟಿಸ್ತಾವ್ನಿ.” ಗಂಟನ್ನು ಇನ್ನೊಮ್ಮೆ ಎಳೆದು ನೋಡಿ ಮುಂದಿನ ಮೂಲೆಗೆ ಹೋದರು.

ಹರಿಪ್ರಸಾದ್ ಹಾರ ಹಾಕಿ, ಕೈಮುಗಿದು, ಸ್ವಲ್ಪ ಹೊತ್ತು ನಿಂತು ಈಚೆಗೆ ಬಂದರು. ಕೆಂಪರಾಜ್‌ಗೂ ಸಿಂಚನಳಿಗೂ ಅವರೇ ಮ್ಯಾನೇಜರ್. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಫೋನು ಮಿಣುಗುತ್ತಲೇ ಇತ್ತು.

“ಸಿಂಚನ, ಆ ಲ್ಯಾಪ್‌ಟಾಪ್ ವಿಷಯ,” ಎಂದರು ದನಿ ತಗ್ಗಿಸಿ. “ನಾನು ಒಳಗೆ ಹೋಗಿ ಕೇಳಿದ್ರೆ ಚೆನ್ನಾಗಿರಲ್ಲ. ನೀನು ಹೆಂಗಸರ ಹತ್ರ ಹೋಗಿ ಮೆಲ್ಲಗೆ ಕೇಳ್ತೀಯಾ? ಕೊನೇ ತಿದ್ದುಪಡಿಗಳೆಲ್ಲ ಅದರಲ್ಲೇ ಇವೆ. ಸಾಯಂಕಾಲ ರಿಲೀಸ್.”

“ಇವತ್ತೇ ಆಗ್ಬೇಕಾ ಸರ್?”

“ನನ್ನ ಕೇಳಿದ್ರೆ ಬೇಡ ಅಂತೀನಿ. ನನ್ನ ಯಾರು ಕೇಳ್ತಾರೆ?”

*

ಆ ಕಂಪನಿ ಮಾಡುತ್ತಿದ್ದುದು ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ಮು. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಕಾಣುವಂಥದ್ದಲ್ಲ. ಲಿಫ್ಟು, ನೀರಿನ ಪಂಪು, ಆಸ್ಪತ್ರೆಯ ಯಂತ್ರಗಳು, ಇಂಥವುಗಳ ಹೊಟ್ಟೆಯೊಳಗೆ ಕೂತು ಸದ್ದಿಲ್ಲದೆ ಕೆಲಸ ಮಾಡುವಂಥದ್ದು. ಅದನ್ನು ಕೊಂಡು ತಮ್ಮ ಯಂತ್ರಕ್ಕೆ ಹಾಕಿಕೊಳ್ಳುವವರಿಗೆ ದಪ್ಪನೆಯ ಕೈಪಿಡಿ ಬೇಕು. ಪ್ರತಿ ಹೊಸ ಆವೃತ್ತಿ ಬಂದಾಗಲೂ ಕೈಪಿಡಿಯಲ್ಲಿ ಯಾವುದೋ ಅಧ್ಯಾಯ ಹಿಂದಕ್ಕೆ ಹೋಗುತ್ತದೆ, ಯಾವುದೋ ಎರಡು ಸೇರಿ ಒಂದಾಗುತ್ತವೆ, ನಡುವೆ ಹೊಸ ಕೋಷ್ಟಕ ನುಗ್ಗುತ್ತದೆ. ಆದರೆ ‘ವಿವರಕ್ಕೆ ಇಂಥ ಅಧ್ಯಾಯ ನೋಡಿ’, ‘ಇಂಥ ಕೋಷ್ಟಕ ನೋಡಿ’ ಎಂದು ಹಳಬರು ಬರೆದಿಟ್ಟ ಮಾತುಗಳು ಇದ್ದಲ್ಲೇ ಇರುತ್ತವೆ. ಅವನ್ನೆಲ್ಲ ಹಿಡಿದು ಈಗಿನ ಜಾಗಕ್ಕೆ ಸರಿಪಡಿಸುವುದು ಕೆಂಪರಾಜ್ ಅವರ ಕೆಲಸ.

ಸಿಂಚನ ಆ ತಂಡಕ್ಕೆ ಸೇರಿದಾಗ ಅವಳಿಗೆ ಅವಮಾನವೇ ಆಗಿತ್ತು. ನೆಲಮಂಗಲದಿಂದ ದಿನಾ ಇಷ್ಟು ದೂರ ಬರುತ್ತಿದ್ದುದು ಪ್ರೋಗ್ರಾಂ ಬರೆಯಲೆಂದು. ಕೊಟ್ಟದ್ದು ಈ ಕೆಲಸ. ಪಕ್ಕದಲ್ಲಿ ನೋಡಿದರೆ, ಊಟದ ಡಬ್ಬಿಯಲ್ಲಿ ಮುದ್ದೆ ತರುವ ಈ ಮನುಷ್ಯ. ಅವರು ಇಂಜಿನಿಯರಿಂಗ್ ಓದಿದವರಲ್ಲ. ಹೊಸಕೋಟೆಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದವರು, ಕೈಪಿಡಿಯ ಪುಟ ಜೋಡಿಸಲು ಬಂದು ಇಲ್ಲಿಯೇ ಉಳಿದವರು. ಒಂದು ಪುಟ ಓದಲು ಅವಳ ಮೂರರಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಹಟಮಾರಿ ಬೇರೆ. ಮೀಟಿಂಗಿಗೆ ಕರೆದರೆ “ಈ ಅಧ್ಯಾಯ ಮುಗಿಸ್ಕೊಂಡು ಬರ್ತೀನಿ” ಎನ್ನುವರು. ಬರುವಷ್ಟರಲ್ಲಿ ಮೀಟಿಂಗೇ ಮುಗಿದಿರುತ್ತಿತ್ತು.

ಮೊದಲ ವಾರದಲ್ಲೇ ಅವಳು ಕೇಳಿದ್ದಳು. “ಸರ್, ಲಿಂಕ್ ಚೆಕ್ ಮಾಡೋಕೆ ಟೂಲ್ ಇದೆಯಲ್ಲ. ಮುರಿದಿರೋದನ್ನ ಅದೇ ಹೇಳುತ್ತೆ. ನಾವು ಒಂದೊಂದೇ ಯಾಕೆ ತೆಗೆದು ನೋಡ್ಬೇಕು?”

ಕೆಂಪರಾಜ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನೀನು ನಮ್ಮೂರಿಗೆ ಬರ್ತೀಯ ಅಂತಿಟ್ಕೊ. ಯಾರೋ ಒಬ್ರು ‘ಆ ಮನೆಗೆ ಹೋಗು’ ಅಂದ್ರು. ಹೋದೆ. ಮನೆ ಇಲ್ಲ, ಬರೀ ಬಯಲು. ಆವಾಗ ಏನ್ ಮಾಡ್ತೀಯ?”

“ವಾಪಸ್ ಬಂದು ಇನ್ನೊಬ್ರನ್ನ ಕೇಳ್ತೀನಿ.”

“ಹ್ಞಾ. ಅದು ಮುರಿದ ಲಿಂಕು. ಅದ್ರಿಂದ ಯಾರಿಗೂ ಅಂಥಾ ತೊಂದ್ರೆ ಇಲ್ಲ. ಅದೇ ನೀನು ಹೋದಾಗ ಅಲ್ಲಿ ಮನೆ ಇದೆ, ದೀಪ ಉರೀತಿದೆ, ಬಾಗಿಲು ತೆಗೆದು ‘ಬಾರಮ್ಮ’ ಅಂತ ಕರೀತಾರೆ, ಊಟಾನೂ ಹಾಕ್ತಾರೆ. ಆದ್ರೆ ಅದು ನೀನು ಹುಡುಕ್ಕೊಂಡು ಬಂದ ಮನೆ ಅಲ್ಲ. ಟೂಲಿಗೆ ಅದು ಗೊತ್ತಾಗಲ್ಲ ಕಣಮ್ಮ. ಅದು ಮನೆ ಇದೆಯಾ ಅಂತ ನೋಡುತ್ತೆ, ಯಾರ ಮನೆ ಅಂತ ನೋಡಲ್ಲ.”

ಅವಳಿಗೆ ಆಗ ನಗು ಬಂದಿತ್ತು. ಮನೆಗೆ ಹೋಗಿ ಅಮ್ಮನಿಗೆ ಅವರ ಹಾಗೆಯೇ ಮಾತಾಡಿ ತೋರಿಸಿದ್ದಳು.

*

ಒಳಮನೆಯಲ್ಲಿ ಹೆಂಗಸರ ನಡುವೆ ಅನುಸೂಯಮ್ಮ ಗೋಡೆಗೆ ಒರಗಿ ಕೂತಿದ್ದರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಪಕ್ಕದಲ್ಲಿ ಮಗಳು ದಿವ್ಯ; ಹೊಸಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸು, ಇನ್ನೂ ಆ ಸಮವಸ್ತ್ರದಲ್ಲೇ ಇದ್ದಳು. ಸುದ್ದಿ ಕೇಳಿ ಹಾಗೆಯೇ ಓಡಿಬಂದಿದ್ದಳು.

“ಆಫೀಸಿನೋರಂತೆ,” ಎಂದು ಯಾರೋ ಹೇಳಿದರು. ಅನುಸೂಯಮ್ಮ ಕೈ ಚಾಚಿ ಸಿಂಚನಳನ್ನು ಹತ್ತಿರ ಕೂರಿಸಿಕೊಂಡರು.

“ಸಿಂಚನ ಅಂದ್ರೆ ನೀನೇನಾ? ನಿನ್ನ ಮಾತಾಡೋರು. ಬೇಗ ಬೇಗ ಓದ್ತದೆ ಆ ಮಗು ಅನ್ನೋರು.” ಸೆರಗಿನಿಂದ ಮೂಗು ಒರೆಸಿಕೊಂಡರು. “ನಿಮ್ಮ ಕೆಲಸ ಏನು ಅಂತ ನಾನು ಎಷ್ಟು ಕಿತಾ ಕೇಳಿದೀನಿ. ‘ನೋಡಿ ಅಂತ ಬರೆದಿರ್ತಾರಲ್ಲ, ಅದನ್ನ ಹೋಗಿ ನೋಡ್ತೀನಿ ಕಣೆ’ ಅನ್ನೋರು. ಅಷ್ಟೇನಾ ಅಂದ್ರೆ, ಅಷ್ಟೇ ಅನ್ನೋರು. ಅದಕ್ಕೆ ಹಬ್ಬ ಹುಣ್ಣಿಮೆ ಎಲ್ಲಾ ಬಿಟ್ಕೊಂಡು ಹೋಗ್ತಿದ್ರಲ್ಲವ್ವಾ. ಇವಳ ನಾಮಕರಣಕ್ಕೂ ತಡವಾಗಿ ಬಂದೋರು.”

“ಅಮ್ಮ, ಸುಮ್ನಿರು,” ಎಂದಳು ದಿವ್ಯ.

“ಸುಮ್ನೆ ಯಾಕಿರ್ಲಿ? ಜಗಳ ಆಡಕ್ಕೆ ಇನ್ಯಾರವ್ರೆ ನಂಗೆ?” ಎಂದು ಅನುಸೂಯಮ್ಮ ಮತ್ತೆ ಅಳತೊಡಗಿದರು.

ಆ ಅಳುವಿನ ನಡುವೆ ಲ್ಯಾಪ್‌ಟಾಪಿನ ಮಾತೆತ್ತಲು ಸಿಂಚನಳಿಗೆ ಬಾಯಿ ಬರಲಿಲ್ಲ. ಎದ್ದು ಹಿತ್ತಲ ಬಾಗಿಲಿಗೆ ಬಂದಳು. ಹಿಂದೆಯೇ ದಿವ್ಯ ಬಂದಳು.

“ನೀವು ಅಪ್ಪನ ಲ್ಯಾಪ್‌ಟಾಪ್‌ಗೆ ಬಂದಿರೋದು, ಅಲ್ವಾ?”

ಸಿಂಚನ ತಲೆ ತಗ್ಗಿಸಿದಳು. “ಅದಕ್ಕೇ ಬಂದಿದ್ದಲ್ಲ. ಆದ್ರೆ ಅದೂ ಬೇಕಿತ್ತು. ಕ್ಷಮಿಸಿ.”

“ಇರ್ಲಿ. ನಮ್ಮ ವಾರ್ಡಲ್ಲೂ ಅಷ್ಟೆ. ಯಾರು ಹೋದ್ರೂ ಮುಂದಿನ ಪೇಷಂಟ್‌ಗೆ ಬೆಡ್ ರೆಡಿ ಮಾಡ್ಲೇಬೇಕು.” ದಿವ್ಯ ಕೋಣೆಗೆ ಹೋಗಿ, ಟವೆಲಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ತಂದುಕೊಟ್ಟಳು. “ನಿನ್ನೆ ಬೆಳಿಗ್ಗೆ ಕೂಡ ಇದರ ಮುಂದೆ ಕೂತಿದ್ರಂತೆ. ರಜ ಹಾಕಿ ಕೂತಿದ್ರಂತೆ! ಸುಸ್ತಾಗ್ತಿದೆ ಅಂತ ಅಮ್ಮನ ಹತ್ರ ಅಂದ್ರಂತೆ. ನನ್ನ ಹತ್ರ ಒಂದು ಮಾತು ಅನ್ನಲಿಲ್ಲ. ನರ್ಸ್ ಮಗಳು ಅಂತ ಊರೆಲ್ಲ ಹೇಳ್ಕೊಂಡು ತಿರುಗೋರು, ನಂಗೇ ಹೇಳಲಿಲ್ಲ.”

ಅವಳು ಅಳಲಿಲ್ಲ. ಟವೆಲನ್ನು ಮಾತ್ರ ವಾಪಸು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಎದೆಗೆ ಅವುಚಿಕೊಂಡು ಒಳಗೆ ಹೋದಳು.

ಸಿಂಚನ ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ತಂಡದವರ ಯಂತ್ರಗಳನ್ನು ತೆರೆಯಲು ಅವಳಿಗೆ ಅನುಮತಿಯಿತ್ತು. ಈ ಬಾರಿ ಕೈಪಿಡಿಯ ಮೊದಲರ್ಧ ಅವಳದು, ಕೊನೆಯರ್ಧ ಅವರದು. ಅವಳದು ಮುಗಿದಿತ್ತು. ಅವರದು ಹನ್ನೊಂದನೇ ಅಧ್ಯಾಯದ ನಡುವೆ ನಿಂತಿತ್ತು. ಅಲ್ಲಿಂದ ಮುಂದೆ ಯಾರೂ ಏನನ್ನೂ ತೆಗೆದು ನೋಡಿರಲಿಲ್ಲ. ತಿದ್ದಿದ್ದಷ್ಟನ್ನು ಅವಳು ಅಲ್ಲಿಂದಲೇ ಆಫೀಸಿಗೆ ಕಳಿಸಿದಳು.

*

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಹಸಿ ಬಿದಿರಿಗೆ ಅಡ್ಡಪಟ್ಟಿ ಬಿಗಿಯುತ್ತಿದ್ದವನು ನಲವತ್ತರ ಆಸುಪಾಸಿನ ಗಟ್ಟಿಯಾಳು. ಬೇರೆಯವರು ಕೈಹಾಕಲು ಬಂದರೆ “ನಾನ್ ಕಟ್ತೀನಿ ಬಿಡ್ರಪ್ಪ” ಎಂದು ಅವರನ್ನು ಆಚೆ ಕಳಿಸುತ್ತಿದ್ದ. ಸಿಂಚನ ಬಂದು ಹರಿಪ್ರಸಾದರ ಪಕ್ಕ ನಿಂತಾಗ ಅವನು ತಲೆಯೆತ್ತಿ ನೋಡಿದ.

“ನೀವು ಅಣ್ಣನ ಆಪೀಸಿನೋರಾ?”

“ಹೌದು,” ಎಂದರು ಹರಿಪ್ರಸಾದ್.

“ನಾನು ಚಲಪತಿ ಅಂತ. ಇಲ್ಲಿ ಡೇರೀಲಿ ಟ್ಯಾಂಕು ನೋಡ್ಕೊಳ್ಳೋನು.” ಕೈ ಹಗ್ಗದ ಮೇಲೇ ಇತ್ತು. “ಅಣ್ಣ ಇಲ್ದಿದ್ರೆ ಈ ಊರಲ್ಲಿ ನಾನಿರ್ತಿರ್ಲಿಲ್ಲ ಸಾರ್.”

ಶಾಮಿಯಾನದ ಕೆಳಗೆ ಕೂತಿದ್ದ ಗಂಡಸರು ಮಾತು ನಿಲ್ಲಿಸಿದರು. ಅವರಿಗೆ ಆ ಕತೆ ಗೊತ್ತಿತ್ತು, ಎಲ್ಲರಿಗೂ ಅರ್ಧರ್ಧ. ಚಲಪತಿ ಗಂಟು ಹಾಕುತ್ತಲೇ ಹೇಳಿದ.

*

ಸಿಂಚನ ಕೆಲಸಕ್ಕೆ ಸೇರುವುದಕ್ಕೂ ಮುಂಚಿನ ಮಾತು. ಊರಿನ ಡೇರಿಗೆ ಹಾಲು ತಂಪು ಮಾಡುವ ಹೊಸ ಟ್ಯಾಂಕು ಬಂದಿತ್ತು. ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ ಟ್ಯಾಂಕು ಶುರುವಾಗಲಿಲ್ಲ. ಚಲಪತಿ ಯಂತ್ರದ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದ. ಮತ್ತೆ ಶುರುಮಾಡುವ ಸಂಖ್ಯೆಗೆ ಇಂಥ ಕೋಷ್ಟಕ ನೋಡಿ ಎಂದಿತ್ತು. ನೋಡಿದ, ಅಲ್ಲಿದ್ದ ಸಂಖ್ಯೆ ಒತ್ತಿದ, ಹಸಿರು ದೀಪ ಹತ್ತಿತು. ಸಮಾಧಾನವಾಗಿ ಬೀಗ ಹಾಕಿಕೊಂಡು ಮನೆಗೆ ಹೋದ. ಬೆಳಿಗ್ಗೆ ಬಂದು ನೋಡಿದರೆ ಊರಿನ ಅಷ್ಟೂ ಹಾಲು ಒಡೆದುಹೋಗಿತ್ತು.

ಕುಡಿದು ಮಲಗಿದ್ದ ಎಂದರು. ಬೇರೆ ಡೇರಿಯವರ ಜೊತೆ ಸೇರಿಕೊಂಡಿದ್ದಾನೆ ಎಂದರು. ಹಾಲು ಹಾಕಿದ್ದ ಹೆಂಗಸರು ಅವನ ಮನೆ ಮುಂದೆ ಬಂದು ಶಾಪ ಹಾಕಿದರು. ಹಸಿರು ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿದೆ ಎಂದರೆ ನಂಬುವವರಿಲ್ಲ. ಮೆಕ್ಯಾನಿಕ್ ಬಂದು ಯಂತ್ರದಲ್ಲಿ ಯಾವ ದೋಷವೂ ಇಲ್ಲವೆಂದು ಹೇಳಿಹೋದ. ಅವನನ್ನು ಕೆಲಸದಿಂದ ತೆಗೆಯಲು ಸಭೆ ಕರೆದರು.

“ಹೆಂಡ್ತಿ ಮಕ್ಕಳನ್ನ ಮಾಲೂರಿಗೆ, ಅವ್ರ ತವರಿಗೆ ಕಳಿಸ್ಬಿಟ್ಟಿದ್ದೆ,” ಎಂದ ಚಲಪತಿ. “ನಾನೂ ಎಲ್ಲಾದ್ರೂ ಹೋಗ್ಬಿಡಾನ ಅಂತಿದ್ದೆ. ಕೆಂಪರಾಜಣ್ಣ ಮನೆಗ್ ಬಂದು ಬೇರೇನೂ ಕೇಳಲಿಲ್ಲ. ‘ಆ ಬುಕ್ಕು ಕೊಡ್ಲಾ’ ಅಂದ, ಅಷ್ಟೆ.”

ಕೆಂಪರಾಜ್ ಆ ಪುಸ್ತಕವನ್ನು ಡೇರಿಯ ಮೆಟ್ಟಿಲ ಮೇಲೆ ಕೂತು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಇಳಿದುಹೋಯಿತು. ಆ ವಾಕ್ಯಗಳು ಅವರಿಗೆ ಗುರುತಿದ್ದವು. ಟ್ಯಾಂಕು ಮಾಡಿದವರು ತಮ್ಮ ಯಂತ್ರಕ್ಕೆ ಹಾಕಿಕೊಂಡದ್ದು ಇವರ ಕಂಪನಿಯ ಆಪರೇಟಿಂಗ್ ಸಿಸ್ಟಮ್ಮನ್ನೇ, ಪುಸ್ತಕಕ್ಕೆ ಇಳಿಸಿಕೊಂಡದ್ದು ಇವರ ಕೈಪಿಡಿಯ ಅಧ್ಯಾಯವನ್ನೇ. ಆ ಆವೃತ್ತಿಯಲ್ಲಿ ನಡುವೆ ಒಂದು ಹೊಸ ಕೋಷ್ಟಕ ಬಂದು, ಅಲ್ಲಿದ್ದ ಹಳೆಯದರ ಕ್ರಮಸಂಖ್ಯೆ ಮುಂದಕ್ಕೆ ಹೋಗಿತ್ತು. ‘ನೋಡಿ’ ಎಂದಿದ್ದ ಜಾಗದಲ್ಲಿ ಈಗಲೂ ಕೋಷ್ಟಕವಿತ್ತು. ಆದರೆ ಅದು ದುರಸ್ತಿಯ ಕೋಷ್ಟಕ. ಅಲ್ಲಿನ ಸಂಖ್ಯೆ ಒತ್ತಿದರೆ ಯಂತ್ರ ಎಚ್ಚರವಾಗಿರುತ್ತದೆ, ದೀಪ ಹತ್ತುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ರಿಪೇರಿಯವರಿಗಾಗಿ ಕಾದುಕೊಂಡಿರುತ್ತದೆ.

ಸಭೆಯ ದಿನ ಕೆಂಪರಾಜ್ ಎಲ್ಲರನ್ನೂ ಟ್ಯಾಂಕಿನ ಬಳಿಗೆ ಕರೆದುಕೊಂಡು ಹೋದರು. ಒಳಗೆ ನೀರು ತುಂಬಿಸಿದ್ದರು. ಪುಸ್ತಕವನ್ನು ಚಲಪತಿಯ ಕೈಗೇ ಕೊಟ್ಟು, “ಅವತ್ತು ಏನೇನ್ ಮಾಡ್ದೋ ಅಷ್ಟನ್ನೇ ಮಾಡು” ಎಂದರು. ಅವನು ಪುಸ್ತಕ ತೆರೆದ. ಓದಿದ, ಪುಟ ತಿರುಗಿಸಿದ, ಒತ್ತಿದ. ಹಸಿರು ದೀಪ ಹತ್ತಿತು. ಎಲ್ಲರೂ ಮೋಟಾರಿನ ಸದ್ದಿಗಾಗಿ ಕಿವಿಗೊಟ್ಟು ನಿಂತರು. ಸದ್ದು ಬರಲಿಲ್ಲ. ಹೊರಗೆ ಯಾರದೋ ಎಮ್ಮೆ ಕೂಗಿದ್ದು ಕೇಳಿಸಿತು.

“ಅದೆಲ್ಲ ಸರಿ. ಈ ಬುಕ್ಕು ಹಿಂಗೆ ಬರೆದೋನು ಯಾವೋನ್ಲಾ? ಅವ್ನ ಕರ್ಕೊಂಬನ್ನಿ,” ಎಂದರಂತೆ ಯಾರೋ.

“ಈ ಪುಟ ನಮ್ಮ ಆಪೀಸಿಂದ ಹೋಗಿರೋದು,” ಎಂದಿದ್ದರು ಕೆಂಪರಾಜ್. “ಸರಿಯಾಗೈತೆ ಅಂತ ಕಳಿಸಿದೋನು ನಾನೇ. ಕಂಪ್ಯೂಟರು ಸರಿ ಅಂತು, ನಾನೂ ಸರಿ ಅಂದೆ. ತೆಗೆದು ನೋಡಲಿಲ್ಲ.”

*

“ಆಮೇಲೆ?” ಎಂದಳು ಸಿಂಚನ.

“ಆಮೇಲೇನವ್ವ. ಕೆಲವ್ರು ಅಣ್ಣನ್ನೇ ಬೈದ್ರು. ‘ಒಂದು ವರ್ಷ ನಮ್ಮನ್ನೂ ಯಾರೂ ಸರಿಯಾಗಿ ಮಾತಾಡಿಸ್ಲಿಲ್ಲ’ ಅಂತ ಅನುಸೂಯಕ್ಕ ಈಗ್ಲೂ ಅಂತಾಳೆ. ಈ ಮನೆ ಹಾಲೂ ಆ ಟ್ಯಾಂಕಲ್ಲೇ ಇತ್ತಲ್ಲ, ಅವ್ರದೂ ಒಡೆದೋಗಿತ್ತು.” ಚಲಪತಿ ಕೊನೆಯ ಗಂಟು ಬಿಗಿದು ಮೇಲೆದ್ದ. “ನಾನು ಮಾತ್ರ ಇವತ್ತಿಗೂ ಡೇರಿ ಬಾಗಿಲು ತೆಗೀತಿದೀನಿ.”

ಹರಿಪ್ರಸಾದ್ ಮನೆಯ ಹಿಂದಿನ ದ್ರಾಕ್ಷಿ ಚಪ್ಪರದ ಕಡೆ ನಡೆದರು. ಸಿಂಚನ ಲ್ಯಾಪ್‌ಟಾಪ್ ಹಿಡಿದು ಹಿಂದೆ ಹೋದಳು. ಎಲೆ ಸವರಿದ್ದ ಬಳ್ಳಿಗಳ ಕೆಳಗೆ ಅವರು ಬೆನ್ನು ತಿರುಗಿಸಿ ನಿಂತಿದ್ದರು.

“ಆ ಸಲ ಅವರು ಎಲ್ಲ ಗ್ರಾಹಕರಿಗೂ ಮೇಲ್ ಕಳಿಸಿದ್ರು,” ಎಂದರು. “ನಮ್ಮ ಕೈಪಿಡಿಯಲ್ಲಿ ತಪ್ಪಿದೆ, ಈ ಪುಟ ಬದಲಾಯಿಸಿಕೊಳ್ಳಿ ಅಂತ. ಯಾರನ್ನೂ ಕೇಳದೆ. ಮೇಲಿನವರು ಕುಣಿದಾಡಿಬಿಟ್ರು. ಯಾಕೆ ಹಂಗ್ ಮಾಡಿದ್ರಿ ಅಂದ್ರೆ ಬಾಯಿ ಬಿಡಲಿಲ್ಲ. ಊರಲ್ಲಿ ಹಿಂಗಾಯ್ತು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?”

ಒಂದೊಂದು ಉಲ್ಲೇಖಕ್ಕೂ ಬೆರಳಿಟ್ಟು, ಆ ಪುಟ ತೆರೆದು, ಓದಿ, ಮತ್ತೆ ಹಿಂದಿನ ಪುಟಕ್ಕೆ ಬರುತ್ತಿದ್ದ ಅವರ ನಿಧಾನ ಸಿಂಚನಳ ಕಣ್ಣಿಗೆ ಕಟ್ಟಿತು. ಅದನ್ನು ಅವಳು ವಯಸ್ಸು ಎಂದುಕೊಂಡಿದ್ದಳು.

ಫೋನು ಮತ್ತೆ ಮಿಣುಗಿತು. ಹರಿಪ್ರಸಾದ್ ಅದನ್ನು ಓದಿದರು. “ಟೂಲ್ ಪಾಸ್ ಆಗಿದೆ, ಒಂದೂ ಮುರಿದಿಲ್ಲ. ಎಲ್ಲಾ ಉಲ್ಲೇಖ ಪರಿಶೀಲಿಸಿದೆ ಅಂತ ನೀನು ಒಂದು ಸಹಿ ಹಾಕ್ಬೇಕು. ಕೆಂಪರಾಜ್ ಹಾಕ್ತಿದ್ರು. ಈಗ ನೀನೇ.”

“ಹನ್ನೊಂದರ ನಡುವೆ ನಿಂತಿದೆ ಸರ್. ಮುಂದಕ್ಕೆ ನೋಡಿಲ್ಲ.”

“ಗೊತ್ತು.”

“ನಾನು ಹಾಕಲ್ಲ ಸರ್.” ತನ್ನ ದನಿ ಇಷ್ಟು ಸಣ್ಣಗೆ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಇನ್ನೊಮ್ಮೆ ಹೇಳಿದಳು. “ನೋಡದೇ ಇರೋದನ್ನ ನೋಡಿದೀನಿ ಅಂತ ನಾನು ಬರೆಯಲ್ಲ.”

“ಇವತ್ತು ಕಳಿಸ್ಲೇಬೇಕು ಸಿಂಚನ. ಕಳಿಸದಿದ್ರೆ ನಾಳೆ ನಿನ್ನ ಜಾಗಕ್ಕೆ ಇನ್ನೊಬ್ರನ್ನ ತಂದು ಕೂರಿಸ್ತಾರೆ. ನನ್ನ ಜಾಗಕ್ಕೂ ಅಷ್ಟೆ.”

“ಕಳಿಸಿ. ಆದ್ರೆ ಎಷ್ಟು ನೋಡಿದೀವೋ ಅಷ್ಟೇ ನೋಡಿದೀವಿ ಅಂತ ಮೊದಲನೇ ಪುಟದಲ್ಲೇ ಹಾಕಿ ಕಳಿಸಿ.”

“ಯಾವ ಕಂಪನಿ ಹಂಗೆ ಬರೆಯುತ್ತೆ?”

ಅಂಗಳದಲ್ಲಿ ತಮಟೆ ಶುರುವಾಯಿತು. ಹೆಂಗಸರ ಅಳು ಒಮ್ಮೆಲೇ ಏರಿತು, ಚಟ್ಟ ಎತ್ತುತ್ತಿದ್ದರು. ಹರಿಪ್ರಸಾದ್ ಅತ್ತ ತಿರುಗಿ ನೋಡಿದರು. ಆಮೇಲೆ ಅಲ್ಲಿಯೇ ಒಂದು ಚಪ್ಪರದ ಕಂಬಕ್ಕೆ ಒರಗಿ ಫೋನಿನಲ್ಲಿ ಬರೆಯತೊಡಗಿದರು. ಬರೆದರು, ಅಳಿಸಿದರು, ಮತ್ತೆ ಬರೆದರು. ಅವಳ ಕಡೆ ಫೋನು ಚಾಚಿದರು. ಹನ್ನೊಂದನೇ ಅಧ್ಯಾಯದ ನಡುವಿನಿಂದ ಮುಂದಿನ ಉಲ್ಲೇಖಗಳನ್ನು ಇನ್ನೂ ಪರಿಶೀಲಿಸಿಲ್ಲ, ದಯವಿಟ್ಟು ನಮ್ಮನ್ನು ಕೇಳಿದ ಮೇಲೆಯೇ ಬಳಸಿ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಕೆಳಗೆ ಅವರದೇ ಹೆಸರು.

“ಬೈತಾರೆ,” ಎಂದರು. “ಬೈಯಲಿ. ನಡಿ, ಹೆಗಲು ಕೊಡ್ಬೇಕು.”

*

ಹೊಲ ಮನೆಯ ಹಿಂದೆಯೇ ಇದ್ದುದರಿಂದ ಹೆಂಗಸರೂ ಹೋದರು. ರಾಗಿ ಕುಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ರಾಗಿಯ ನಡುವೆ ಬಿತ್ತಿದ್ದ ಅಕ್ಕಡಿ ಸಾಲುಗಳಲ್ಲಿ ಅವರೆಗಿಡ ಇನ್ನೂ ಹಸಿರಾಗಿದ್ದು, ಅದರ ಸೊಗಡು ಗಾಳಿಯಲ್ಲಿತ್ತು. ದಾರಿಯುದ್ದಕ್ಕೂ ಪುರಿ ಎರಚುತ್ತಾ ಹೋದರು. ಚಟ್ಟದ ಮುಂದಿನ ಎಡಬದಿಗೆ ಚಲಪತಿ, ಹಿಂದೆ ಹರಿಪ್ರಸಾದ್. ಹಸಿ ಬಿದಿರಿನ ತೂಕ ಅಭ್ಯಾಸವಿಲ್ಲದೆ ಅವರು ಎಡವುತ್ತಿದ್ದರು. “ನಿಧಾನ ಸಾರ್, ನಿಧಾನ, ಬದು ಐತೆ,” ಎಂದು ಚಲಪತಿ ಮುಂದಿನಿಂದ ಹೇಳುತ್ತಿದ್ದ.

ಗುಂಡಿಗೆ ಉಪ್ಪು ಹಾಕಿ ಇಳಿಸಿದರು. ಅಪ್ಪಯ್ಯಣ್ಣ ಮೊದಲ ಹಿಡಿ ಮಣ್ಣು ಹಾಕಲು ಬಗ್ಗಿದವರು ಮೇಲೇಳಲಾರದೆ ಹಾಗೆಯೇ ಕೂತುಬಿಟ್ಟರು. ದಿವ್ಯ ಬಂದು ದೊಡ್ಡಪ್ಪನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ರೋಗಿಗಳನ್ನು ಎತ್ತಿ ಕೂರಿಸಿ ಪಳಗಿದ ಕೈ. ಆಮೇಲೆ ತಾನೂ ಒಂದು ಹಿಡಿ ಮಣ್ಣು ತೆಗೆದುಕೊಂಡು, ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿ, ಮೆಲ್ಲಗೆ ಬಿಟ್ಟಳು. ಆಗ ಮಾತ್ರ “ಅಪ್ಪಾ” ಎಂದಳು, ಯಾರನ್ನೋ ಎಬ್ಬಿಸುವವಳ ಹಾಗೆ.

ಸಿಂಚನಳ ಸರದಿ ಬಂದಾಗ ಅವಳೂ ಒಂದು ಹಿಡಿ ಹಾಕಿದಳು. ಮಣ್ಣು ತಣ್ಣಗಿತ್ತು.

ಮುಚ್ಚಿ, ಮಣ್ಣೇರಿಸಿ, ಮೇಲೆ ನೀರು ಚಿಮುಕಿಸಿದ ಮೇಲೆ ಅಪ್ಪಯ್ಯಣ್ಣ ಎಲ್ಲರಿಗೂ ಕೇಳುವ ಹಾಗೆ, “ಹಿಂದಕ್ಕೆ ತಿರುಗಿ ನೋಡದಂಗೆ ಹೋಗ್ರಪ್ಪಾ, ಎಲ್ಲಾ ಕೈಕಾಲು ತೊಳ್ಕೊಳ್ಳಿ,” ಎಂದರು. ಜನ ತಲೆ ತಗ್ಗಿಸಿ ಬದುವಿನ ಮೇಲೆ ಸಾಲಾಗಿ ಹೊರಟರು. ಹೋಗಿ ಬರುತ್ತೇವೆಂದು ಯಾರೂ ಯಾರಿಗೂ ಹೇಳಲಿಲ್ಲ.

ಕಾರಿನ ಬಳಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹರಿಪ್ರಸಾದ್ ಒಳಗೆ ಕೂತು ಗಾಡಿ ಶುರುಮಾಡಿದರು. ಸಿಂಚನ ಬಾಗಿಲಿಗೆ ಕೈಹಾಕಿದ್ದಳು. ಆಗ ಒಂದು ಆಟೋ ಬಂದು ನಿಂತು, ತುಂಬ ವಯಸ್ಸಾದ ಹೆಂಗಸೊಬ್ಬರು ಕಂಬಿ ಹಿಡಿದು ಇಳಿದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಹೂವು.

“ಕೆಂಪರಾಜನ ಮನೆ ಇದೇನಾ ತಾಯಿ? ನಾನು ಪಾಪಮ್ಮ ಅಂತ, ಅವ್ನ ಸೋದರತ್ತೆ. ಸೂಲಿಬೆಲೆ ತಾವ ಬಸ್ಸು ಕೆಟ್ಟು ನಿಂತ್ಬಿಡ್ತು. ಎತ್ತಿದ್ರಾ?”

“ಈಗ ತಾನೇ ಮಣ್ಣು ಮಾಡಿ ಬಂದ್ವಿ ಅಜ್ಜಿ.”

ಪಾಪಮ್ಮ ಆಟೋದ ಕಂಬಿಯನ್ನು ಮತ್ತೆ ಹಿಡಿದುಕೊಂಡರು. “ಎತ್ತಾಡಿಸಿದ ಕೂಸು ಅದು. ಯಾವ ಕಡೆಗೆ ಮಾಡಿದ್ರವ್ವಾ? ತೋರಿಸು, ಹೋಯ್ತೀನಿ.”

ಮನೆಯ ಹಿಂದೆ, ಚಪ್ಪರ ದಾಟಿ, ಬದುವಿನ ಮೇಲೆ ಹೋದರೆ ಎಂದು ಹೇಳಲು ಸಿಂಚನ ಕೈ ಎತ್ತಿದಳು. ಎತ್ತಿದ ಕೈಯನ್ನು ಪಾಪಮ್ಮನ ಕಣ್ಣು ಹಿಂಬಾಲಿಸಲಿಲ್ಲ. ಅವು ಎತ್ತಲೋ ನೋಡುತ್ತಿದ್ದವು.

“ಸರ್, ಒಂದ್ನಿಮಿಷ,” ಎಂದು ಬ್ಯಾಗನ್ನೂ ಲ್ಯಾಪ್‌ಟಾಪನ್ನೂ ಸೀಟಿನ ಮೇಲಿಟ್ಟು, ಅವಳು ಪಾಪಮ್ಮನ ಕೈ ಹಿಡಿದುಕೊಂಡಳು. ಹರಿಪ್ರಸಾದ್ ಕಾರು ಆಫ್ ಮಾಡಿದರು. ಬಚ್ಚಲ ಬಳಿ ಕಾಲು ತೊಳೆಯುತ್ತಿದ್ದ ಜನ, ಅವರಿಬ್ಬರೂ ಹೊಲದ ಕಡೆ ಹೋಗುವುದನ್ನು ನೋಡಿದರು. ಅಪ್ಪಯ್ಯಣ್ಣ ತಡೆಯಲು ಎತ್ತಿದ ಕೈಯನ್ನು ಇಳಿಸಿದರು.

“ಇಲ್ಲಿ ಕಲ್ಲಿದೆ ಅಜ್ಜಿ. ಇಲ್ಲಿ ಕಾಲೆತ್ತಿ. ಇದು ಬದು.” ರಾಗಿ ಕೂಳೆ ಮುದುಕಿಯ ಬರಿಗಾಲಿನ ಕೆಳಗೆ ಚರಚರ ಎನ್ನುತ್ತಿತ್ತು. ಒದ್ದೆ ಮಣ್ಣಿನ ವಾಸನೆ ಬಂದ ಕಡೆ ಸಿಂಚನ ನಿಂತಳು. ಪಾಪಮ್ಮ ಗಾಳಿಯಲ್ಲಿ ಕೈಯಾಡಿಸಿದರು. ಅವಳು ಆ ಕೈಯನ್ನು ಹಿಡಿದುಕೊಂಡೇ ಕೂತಳು, ಅವರನ್ನೂ ಕೂರಿಸಿದಳು. ಒಣಗಿದ ಆ ಅಂಗೈ ಗುಡ್ಡೆಯ ಮೇಲೆ, ಎದೆಯ ನೇರಕ್ಕೆ, ಪೂರ್ತಿಯಾಗಿ ಊರಿಕೊಳ್ಳುವವರೆಗೂ ಬಿಡಲಿಲ್ಲ.